ಮೊದಲನೆಯ ಓಟು ಒರಿನ್‌ಗೆ

ಒರಿನ್ ಸ್ಟಿನ್ಸನ್ ಬೆಳಿಗ್ಗೆ ಕಾಫಿ ಕುಡಿಯುತ್ತಾ "ನಾನೇ" ಎಂದುಬಿಟ್ಟ. ಅಷ್ಟೇ. ಆಮೇಲೆ ಆದದ್ದಕ್ಕೆಲ್ಲ ಆ ಎರಡಕ್ಷರವೇ ಕಾರಣ.

ಅವತ್ತು ಸ್ಪ್ರೂಸ್ ನೆಕ್‌ನಲ್ಲಿ ಊರ ಚುನಾವಣೆ. ಪೈಪೋಟಿ ಇದ್ದದ್ದು ಒಂದೇ ಹುದ್ದೆಗೆ: ರಸ್ತೆ ಉಸ್ತುವಾರಿ. ಅಮೆರಿಕದ ಮೇಯ್ನ್ ರಾಜ್ಯದ ಕರಾವಳಿಯಲ್ಲಿ ಮಾರ್ಚ್ ಬಂದರೂ ಹಿಮ ಜಾಗ ಖಾಲಿ ಮಾಡುವುದಿಲ್ಲ. ಯಾರ ಓಣಿಯ ಹಿಮ ಬೆಳಿಗ್ಗೆಯೇ ಗೋರಬೇಕು, ಯಾರದ್ದನ್ನು ಮಧ್ಯಾಹ್ನಕ್ಕೆ ಬಿಡಬೇಕು ಎಂದು ತೀರ್ಮಾನಿಸುವವರಿಗೆ ಊರಿನಲ್ಲಿ ಪಾದ್ರಿಗಿಂತ ಹೆಚ್ಚಿನ ಮರ್ಯಾದೆ.

ನಿಂತವರು ಇಬ್ಬರು. ಒಬ್ಬ ಬರ್ಲಿ ಕ್ರಾಕೆಟ್, ದೋಣಿ ಕಾರ್ಖಾನೆಯ ಯಜಮಾನ. ಒರಿನ್ ಅವನ ಹತ್ತಿರ ದೋಣಿಗಳ ತಳ ಉಜ್ಜಿ ಬಣ್ಣ ಬಳಿಯುವ ಕೆಲಸದಲ್ಲಿದ್ದ. ಇನ್ನೊಬ್ಬಳು ವರ್ನಾ ಹ್ಯಾಚ್, ಒರಿನ್‌ನ ಹೆಂಡತಿ ಗ್ಲೆನಿಸಳ ಚಿಕ್ಕಮ್ಮ. ಗಂಡಹೆಂಡಿರು ವಾಸವಾಗಿದ್ದದ್ದು ಅವಳ ಮನೆಯ ಮಹಡಿಯಲ್ಲಿ. ಅಂದರೆ ಒರಿನ್‌ನ ಅನ್ನ ಒಂದು ಕಡೆ, ಸೂರು ಇನ್ನೊಂದು ಕಡೆ. ಬರ್ಲಿಗೆ ಓಟು ಹಾಕಿದರೆ ಮನೆ ಹೋಯಿತು, ಚಿಕ್ಕಮ್ಮನಿಗೆ ಹಾಕಿದರೆ ಕೆಲಸ ಹೋಯಿತು.

ಓಟು ಗುಟ್ಟಿನದಲ್ಲವೇ, ಇಬ್ಬರಿಗೂ "ನಿಮಗೇ" ಎಂದರಾಯಿತಲ್ಲ ಎಂದು ನೀವು ಕೇಳಬಹುದು. ಬೇರೆಯವರಿಗೆ ಸಾಧ್ಯವಿತ್ತೇನೋ. ಒರಿನ್ ಸುಳ್ಳು ಹೇಳಿದರೆ ಅವನ ಕಿವಿಗಳು ಬೇಯಿಸಿದ ಲಾಬ್‌ಸ್ಟರ್‌ನಂತೆ ಕೆಂಪಾಗುತ್ತಿದ್ದವು. ಊರಿಗೆಲ್ಲ ಅದು ಗೊತ್ತಿತ್ತು. ಇಸ್ಪೀಟಿಗೆ ಅವನನ್ನು ಬಲವಂತವಾಗಿ ಕರೆದುಕೊಂಡು ಹೋಗುತ್ತಿದ್ದರು.

ಈ ಸಲ ಓಟಿನ ಪದ್ಧತಿಯೂ ಹೊಸದು. ಹಿಂದಿನ ಸಲ ಇಬ್ಬರು ಯೋಗ್ಯರು ಊರಿನ ಓಟನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಅರ್ಧಕ್ಕಿಂತ ಹೆಚ್ಚು ಜನರಿಗೆ ಬೇಡವಾಗಿದ್ದ ಮೂರನೆಯವನು ಗೆದ್ದಿದ್ದ. ಗೆದ್ದವನು ಜನವರಿಯ ಹಿಮಗಾಳಿಯ ನಡುವೆಯೇ ಹಿಮ ಗೋರುವ ಊರ ಲಾರಿಯ ಕೀಲಿ ಜೇಬಿನಲ್ಲಿಟ್ಟುಕೊಂಡು ಬೆಚ್ಚಗಿನ ಫ್ಲಾರಿಡಾಕ್ಕೆ ಹೊರಟುಹೋಗಿದ್ದ. ಊರಿಗೆ ಸಿಟ್ಟು ಬಂತು. ರಾಜ್ಯದ ದೊಡ್ಡ ಚುನಾವಣೆಗಳಲ್ಲಿ ಆಗಲೇ ನಡೆಯುತ್ತಿದ್ದ ಹಾಗೆ, ಇನ್ನು ನಮ್ಮಲ್ಲೂ ಮೊದಲ ಆಯ್ಕೆ ಯಾರು, ಎರಡನೆಯ ಆಯ್ಕೆ ಯಾರು ಎಂದು ಕ್ರಮವಾಗಿ ಗುರುತು ಹಾಕೋಣ ಎಂದು ಸಭೆ ಸೇರಿ ತೀರ್ಮಾನವಾಯಿತು.

ಅದನ್ನು ಎಲ್ಲರಿಗೂ ಅರ್ಥ ಮಾಡಿಸಿದವನು ಅಂಗಡಿಯ ರಾಯ್ಸ್.

"ನೋಡ್ರಪ್ಪ, ನೀವು ಬಂದು ಬ್ಲೂಬೆರಿ ಪೈ ಕೊಡು ಅಂತೀರ. ಅದು ಖಾಲಿಯಾಗಿದ್ರೆ ಆ್ಯಪಲ್ ಪೈ ಆದ್ರೂ ಕೊಡು ಅಂತೀರ ತಾನೆ? ಇದೂ ಅಷ್ಟೇ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರ್ಲಿಲ್ಲ ಅಂದ್ರೆ ಕಟ್ಟಕಡೇಲಿರೋನು ಔಟು. ಅವನಿಗೆ ಬಿದ್ದ ಓಟು ದಂಡ ಆಗಲ್ಲ. ಆ ಚೀಟೀಲಿ ಎರಡನೇದಾಗಿ ಯಾರ ಹೆಸರಿದ್ಯೋ ಅವರಿಗೆ ಹೋಗುತ್ತೆ."

"ಬ್ಲೂಬೆರಿ ಖಾಲಿ ಅಂದ್ರೆ ನಾನು ಸುಮ್ನೆ ಮನೆಗೆ ಹೋಗ್ತೀನಪ್ಪ," ಎಂದಿದ್ದಳು ವರ್ನಾ.

ಆ ವರ್ನಾ ಚಿಕ್ಕಮ್ಮನೇ ಚುನಾವಣೆಯ ಬೆಳಿಗ್ಗೆ ಬಿಸಿಬಿಸಿ ಮಫಿನ್ ತಟ್ಟೆ ಹಿಡಿದು ಮಹಡಿ ಹತ್ತಿ ಬಂದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಊರಿನಲ್ಲಿ ಯಾವ ಗಣ್ಯರು ಚಿಕ್ಕಂದಿನಲ್ಲಿ ಯಾವ ತಿರುವಿನಲ್ಲಿ ವಾಂತಿ ಮಾಡಿಕೊಂಡಿದ್ದರು ಎನ್ನುವುದೆಲ್ಲ ಅವಳ ನೆನಪಿನಲ್ಲಿತ್ತು.

"ಏನಪ್ಪಾ ಅಳಿಯಂದಿರೇ, ಇವತ್ತು ಯಾರಿಗೆ?"

ಒರಿನ್ ಮಫಿನ್ ನುಂಗಿದ. "ನೀವು... ನೀವು ನನ್ನ ಎರಡನೇ ಆಯ್ಕೆ, ಚಿಕ್ಕಮ್ಮ."

ಎರಡನೆಯದು ಎಂದರೆ ವಿನಯದ ಸಂಖ್ಯೆ, ಯಾರಿಗೂ ನೋವಾಗುವುದಿಲ್ಲ ಎಂದು ಅವನ ಎಣಿಕೆ.

"ಎರಡನೇದಾ? ಹಾಗಾದ್ರೆ ಮೊದಲನೇದು ಆ ಬರ್ಲಿನಾ?"

"ಛೇ ಛೇ, ಅವರಲ್ಲ!"

"ಮತ್ತೆ? ನಿಂತಿರೋದೇ ಇಬ್ರಲ್ಲೋ!"

"ನಾನೇ," ಎಂದ ಒರಿನ್.

ಚಿಕ್ಕಮ್ಮ ತಟ್ಟೆ ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀನಾ! ಹಾಕ್ಕೋ ಮಾರಾಯ, ಹಾಕ್ಕೋ. ಬೀಳೋದು ಒಂದೇ ಓಟು. ನೀನು ಔಟು. ಓಟು ನನ್ನದು!"

ಅವಳು ನಗುತ್ತಲೇ ಇಳಿದುಹೋದಳು. ಒರಿನ್‌ಗೆ ಮಾತ್ರ ಸಂಕಟ ಶುರುವಾಯಿತು. ಹೇಳಿದ್ದು ಹೇಳಿಯಾಯಿತು, ಇನ್ನು ಅದನ್ನು ನಿಜ ಮಾಡಬೇಕಲ್ಲ. ಚೀಟಿಯಲ್ಲಿ ಹೆಸರು ಬರೆಯಲು ಒಂದು ಖಾಲಿ ಗೆರೆ ಇರುತ್ತದೆ, ನಿಜ. ಆದರೆ ಬರೆದ ಹೆಸರು ಎಣಿಕೆಗೆ ಬರಬೇಕಾದರೆ ಆ ಹೆಸರಿನವರು ಮತದಾನಕ್ಕೆ ಮೊದಲು ಊರ ಕಚೇರಿಯಲ್ಲಿ ಸಹಿ ಹಾಕಿರಬೇಕು. ಒರಿನ್ ಕೋಟು ಸಿಕ್ಕಿಸಿಕೊಂಡು ಓಡಿದ.

ಕಚೇರಿಯ ಗುಮಾಸ್ತೆ ಆಲ್ಬರ್ಟಾ ಕನ್ನಡಕದ ಮೇಲಿನಿಂದ ನೋಡಿದಳು. "ನೀನಾ? ಹಿಮದ ಲಾರಿ ಓಡಿಸಿದ್ದೀಯಾ ಯಾವತ್ತಾದ್ರೂ?"

"ಇಲ್ಲ ಅಕ್ಕಾ. ಗೆಲ್ಲೋಕಲ್ಲ ನಿಲ್ತಿರೋದು. ನನ್ನ ಓಟು ನನಗೆ ಹಾಕ್ಕೊಳ್ಳೋಕೆ."

"ಅಷ್ಟಕ್ಕೆ ಇಷ್ಟು ಬೆವರಾ?" ಎಂದು ಅವಳು ಪೆನ್ನು ಕೊಟ್ಟಳು.

ಅಲ್ಲಿಂದ ನೇರ ಕೆಲಸಕ್ಕೆ. ಬರ್ಲಿ ಕ್ರಾಕೆಟ್ ಬಾಗಿಲಲ್ಲೇ ನಿಂತಿದ್ದ. ಊರಿನ ಅರ್ಧ ದೋಣಿಗಳು ಚಳಿಗಾಲ ಕಳೆಯುವುದು ಅವನ ಕಾರ್ಖಾನೆಯ ಷೆಡ್ಡಿನಲ್ಲೇ. ಹಾಗಾಗಿ ಯಾರೂ ಅವನೊಂದಿಗೆ ಎದುರು ಮಾತಾಡುತ್ತಿರಲಿಲ್ಲ.

"ಏನಯ್ಯಾ, ಇವತ್ತು ನೆನಪಿದೆ ತಾನೆ?"

"ಯಜಮಾನ್ರೇ, ನೀವು ನನ್ನ ಎರಡನೇ ಆಯ್ಕೆ. ಮೊದಲನೇದು ನಾನೇ. ಸಹಿ ಹಾಕಿ ಬಂದೆ."

ಬರ್ಲಿ ಹುಬ್ಬು ಗಂಟಿಕ್ಕಿ ಲೆಕ್ಕ ಹಾಕಿದ. ಮುಖ ಅರಳಿತು. "ಭಲೇ! ಆ ಮುದುಕಿ ಕೇಳಿದ್ರೆ ನಿನಗೂ ತೊಂದರೆ ಇಲ್ಲ, ನನ್ನ ಓಟೂ ಎಲ್ಲೂ ಹೋಗಲ್ಲ. ನಿನ್ನ ತಲೆ ಇಷ್ಟು ಓಡುತ್ತೆ ಅಂತ ಗೊತ್ತಿರ್ಲಿಲ್ಲ ಕಣಯ್ಯ."

ವಿಚಿತ್ರವೆಂದರೆ ಒರಿನ್‌ನ ಕಿವಿ ಕೆಂಪಾಗಲಿಲ್ಲ. ಇಬ್ಬರಿಗೂ ಅವನು ಮನಸಾರೆಯೇ ಹೇಳಿದ್ದ.

ಮಧ್ಯಾಹ್ನ ಊಟಕ್ಕೆಂದು ರಾಯ್ಸನ ಅಂಗಡಿಗೆ ಹೋದರೆ, ಒಲೆಯ ಸುತ್ತ ಕೂತಿದ್ದವರೆಲ್ಲ ಎದ್ದು ನಿಂತರು.

"ಬರಬೇಕು, ಬರಬೇಕು, ರಸ್ತೆ ಸಾಹೇಬ್ರು ಬರಬೇಕು!" ಎಂದ ರಾಯ್ಸ್. ಮೀನಿನ ಸೂಪಿನ ಬಟ್ಟಲನ್ನು ಕೇಳುವ ಮೊದಲೇ ಮುಂದಿಟ್ಟ. "ನಿನ್ನ ಹೊಟ್ಟೆ ತಣ್ಣಗಿರ್ಲಿ. ಊರನ್ನೇ ಉಳಿಸಿಬಿಟ್ಟೆ."

"ನಾನೇನು ಮಾಡ್ದೆ?"

"ಓಟು ಹಾಕೋ ಸಭಾಭವನದ ಬಾಗಿಲ ಹತ್ರ ನೋಡಿಲ್ವಾ? ಎಡಗಡೆ ಬರ್ಲಿ ಕಾಫಿ ಇಟ್ಕೊಂಡು ಕೂತಿದಾನೆ, ಬಲಗಡೆ ವರ್ನಾ ಮಫಿನ್ ಇಟ್ಕೊಂಡು ಕೂತಿದಾಳೆ. ಮಧ್ಯೆ ಒಬ್ಬರು ನುಸುಳೋಷ್ಟು ಜಾಗ. ಬಂದವರನ್ನೆಲ್ಲ ಹಿಡಿದು ಯಾರಿಗೆ ಯಾರಿಗೆ ಅಂತ ಕೇಳ್ತಾರೆ. ಬೆಳಿಗ್ಗೆ ನಿನ್ನ ವಿಷಯ ಕಿವಿಗೆ ಬಿತ್ತು ನೋಡು, ಜೀವ ಬಂತು. ಎಡಕ್ಕೆ ತಿರುಗಿ 'ಒರಿನ್ ಮೊದಲು, ನೀವು ಎರಡನೆಯವರು' ಅಂದೆ. ಬಲಕ್ಕೆ ತಿರುಗಿ ಪಿಸುಮಾತಲ್ಲಿ ಅದನ್ನೇ ಅಂದೆ. ಆ ಕಡೆಯಿಂದ ಕಾಫಿ, ಈ ಕಡೆಯಿಂದ ಮಫಿನ್!"

"ನಾನೂ ಹಾಗೇ ಅಂದೆ," ಎಂದ ಒಬ್ಬ ಮೀನುಗಾರ.

"ನಾವು ಮನೆಮಂದಿಯೆಲ್ಲ ಹಾಗೇ ಅಂದ್ವಿ," ಎಂದಳು ಪಕ್ಕದಲ್ಲಿದ್ದವಳು.

ಒರಿನ್‌ನ ಕೈಯಲ್ಲಿದ್ದ ಚಮಚ ಸೂಪಿನೊಳಗೆ ಮುಳುಗಿತು. "ಎಲ್ಲರೂ... ನನ್ನನ್ನ ಮೊದಲು ಅಂದ್ರಾ?"

"ಎಲ್ಲರೂ!"

ಒರಿನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಬ್ಬರನ್ನು ಸೋಲಿಸಿದರೆ ಮನೆಯೋ ಕೆಲಸವೋ ಒಂದಾದರೂ ಉಳಿಯುತ್ತಿತ್ತು. ಇಬ್ಬರನ್ನೂ ಸೋಲಿಸಿದರೆ? ಸೂರೂ ಇಲ್ಲ, ಸಂಬಳವೂ ಇಲ್ಲ, ಮೇಲೆ ನಡುಚಳಿಯಲ್ಲಿ ಎದ್ದು ಓಡಿಸಲು ಒಂದು ಲಾರಿ. ಎದ್ದು ನಿಂತ. ಬದುಕಿನಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ಭಾಷಣ ಮಾಡಿದ.

"ದಯವಿಟ್ಟು ಕೇಳಿ. ನನಗೆ ಲಾರಿ ಹಿಂದಕ್ಕೆ ತೆಗೆಯೋಕೆ ಬರಲ್ಲ."

ಮೀನುಗಾರ ತಲೆದೂಗಿದ. "ಬರಲ್ಲ ಅಂತ ಬಾಯಿಬಿಟ್ಟು ಹೇಳಿದ ಅಭ್ಯರ್ಥಿ ಈ ಊರಿನಲ್ಲಿ ಇವನೊಬ್ಬನೇ."

"ನಾನು ಗೆದ್ರೆ ನಮ್ಮ ಓಣಿಯದನ್ನೇ ಮೊದಲು ಗೋರ್ತೀನಿ! ಪಕ್ಷಪಾತ ಮಾಡ್ತೀನಿ!"

"ನಿಮ್ಮ ಓಣಿ ದಾಟಿದ್ರೆ ನಮ್ಮದೇ ಅಲ್ವಾ? ಭೇಷಾಯ್ತು," ಎಂದಳು ಪಕ್ಕದವಳು.

ಮಾತಿನಿಂದ ಆಗುವುದಲ್ಲ, ತನ್ನ ಅಯೋಗ್ಯತೆಯನ್ನು ಕಣ್ಣಾರೆ ತೋರಿಸಿಬಿಡಬೇಕು ಎಂದು ಒರಿನ್‌ಗೆ ಹೊಳೆಯಿತು. ಸಭಾಭವನಕ್ಕೆ ಅಂಟಿಕೊಂಡಿದ್ದ ಕಚೇರಿಗೆ ಓಡಿದ. ಊರ ಲಾರಿಯ ಹೊಸ ಕೀಲಿ ಕೇಳಿದ. ಅಭ್ಯರ್ಥಿ ಲಾರಿ ಓಡಿಸಿ ನೋಡಬಾರದು ಎಂದು ಎಲ್ಲೂ ಬರೆದಿಲ್ಲವಾದ್ದರಿಂದ ಆಲ್ಬರ್ಟಾ ಕೊಟ್ಟಳು. ಕೊಟ್ಟ ಮೇಲೆ ಯಾಕೋ ಕಿಟಕಿಯಿಂದ ಸ್ವಲ್ಪ ದೂರ ಹೋಗಿ ಕೂತಳು.

ಅವನ ಯೋಚನೆ ಸಣ್ಣದು. ಎಲ್ಲರ ಕಣ್ಣಮುಂದೆ ಲಾರಿಯನ್ನು ನಾಲ್ಕು ಮಾರು ಓಡಿಸಿ, ಹಿಮದ ಗುಡ್ಡೆಗೆ ಮೆಲ್ಲಗೆ ಗುದ್ದಿ ನಿಲ್ಲಿಸುವುದು. ಲಾರಿಯ ಯೋಚನೆ ಬೇರೆ ಇತ್ತು. ಬಿಸಿಲಿಗೆ ಕರಗಿ ಮತ್ತೆ ಗಡ್ಡೆ ಕಟ್ಟಿದ ನೆಲ ಗಾಜಿನಂತಾಗಿತ್ತು. ಬ್ರೇಕು ತುಳಿದಷ್ಟೂ ಲಾರಿ ಹಿಗ್ಗಿನಿಂದ ಜಾರಿತು. ಮುಂದಿದ್ದ ಅಗಲವಾದ ಗೋರುವ ಹಲಗೆ ಸಭಾಭವನದ ಬಾಗಿಲಿನತ್ತ ಮದುವೆ ಮನೆಗೆ ಬಂದ ನೆಂಟರ ಹಾಗೆ ಕೈ ಚಾಚಿಕೊಂಡು ಹೋಯಿತು. ಬರ್ಲಿ ಎಡಕ್ಕೆ ಹಾರಿ ಹಿಮದಲ್ಲಿ ಸೊಂಟದವರೆಗೆ ಹೂತ. ವರ್ನಾ ಬಲಕ್ಕೆ ಹಾರಿ ಅಷ್ಟೇ ಆಳಕ್ಕೆ ಹೂತಳು. ಕಾಫಿಯ ಮೇಜು, ಮಫಿನ್ನಿನ ಮೇಜು ಎರಡೂ ಒಂದೇ ಹಲಗೆಯ ಮುಂದೆ ಸೇರಿ, ಮೆಟ್ಟಿಲ ಬಳಿ ಪುಡಿಯಾದವು. ಲಾರಿ ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತು ನಿಟ್ಟುಸಿರು ಬಿಟ್ಟಿತು.

ಒರಿನ್ ಕೆಳಗಿಳಿದ. "ಕ್ಷಮಿಸಿ ಯಜಮಾನ್ರೇ! ಚಿಕ್ಕಮ್ಮ, ಪೆಟ್ಟಾಯ್ತಾ? ದೇವರೇ, ಏನು ಮಾಡಿಬಿಟ್ಟೆ!"

ಜನ ಚಪ್ಪಾಳೆ ತಟ್ಟಿದರು.

"ನೋಡಿದ್ರಾ?" ಎಂದು ರಾಯ್ಸ್ ಕೂಗಿದ. "ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ! ಕೂದಲೆಳೆಯಷ್ಟೂ ಪಕ್ಷಪಾತ ಇಲ್ಲ!"

"ದಾರೀನೂ ಅಗಲ ಆಯ್ತು," ಎಂದ ಮೀನುಗಾರ.

ಹಿಮ ಕೊಡವಿಕೊಳ್ಳುತ್ತಾ ಬರ್ಲಿ ಬಂದು ಅವನ ಕಿವಿಯಲ್ಲಿ ಹೇಳಿದ: "ಆ ಎರಡನೇ ಓಟು ನೆನಪಿಟ್ಕೋ. ಅದೊಂದೇ ಈಗ ನಿನ್ನನ್ನ ಕಾಪಾಡೋದು." ಬರ್ಲಿ ಅತ್ತ ಹೋದದ್ದೇ ತಡ, ಚಿಕ್ಕಮ್ಮ ಬಂದಳು. "ಮಫಿನ್ನಿನ ವಿಷಯ ಆಮೇಲೆ ಮಾತಾಡೋಣ. ನನ್ನ ಎರಡನೇ ಓಟು ಮಾತ್ರ ಮರೀಬೇಡ."

ಅಷ್ಟರಲ್ಲಿ ಗ್ಲೆನಿಸ್ ಓಟು ಹಾಕಿ ಹೊರಗೆ ಬಂದಳು. ಒರಿನ್ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ನೀನೂ ನನ್ನ ಹೆಸರೇ ಹೇಳಿದ್ಯೇನೇ?"

"ಇನ್ನೇನು ಹೇಳ್ಲಿ? ಗಂಡ ಚುನಾವಣೆಗೆ ನಿಂತಿರೋದನ್ನ ರಾಯ್ಸನ ಬಾಯಿಂದ ಕೇಳಿದ ಹೆಂಡತಿ ನಾನೊಬ್ಬಳೇ ಇರಬೇಕು," ಎಂದಳು. ಆಮೇಲೆ ಅವನ ಮುಖ ನೋಡಿ ಮೆತ್ತಗಾದಳು. "ಹೋಗು, ನೀನೂ ಹಾಕಿ ಬಾ. ಏನಾಗುತ್ತೋ ಆಗ್ಲಿ."

ಓಟು ಹಾಕುವ ಮರೆಯ ಹಿಂದೆ ಒರಿನ್ ಬಹಳ ಹೊತ್ತು ನಿಂತ. ಇನ್ನೊಂದು ಹೆಸರನ್ನು ಮೊದಲು ಹಾಕಿ ತನ್ನ ಸೋಲಿಗೆ ತಾನೂ ಕೈ ಜೋಡಿಸೋಣವೇ ಎನ್ನಿಸಿತು. ಆದರೆ ಬೆಳಿಗ್ಗೆ ಇಬ್ಬರು ಹಿರಿಯರ ಮುಂದೆ ಆಡಿದ ಮಾತಿತ್ತಲ್ಲ. ಪೆನ್ಸಿಲಿನ ತುದಿ ಎರಡು ಸಲ ಮುರಿಯಿತು. ಹೊರಗೆ ಸಾಲು ಬೆಳೆಯಿತು.

"ಅಲ್ಲೇ ನಿದ್ದೆ ಹೋದ್ಯೇನಪ್ಪ?" ಎಂದು ಆಲ್ಬರ್ಟಾ ಕೂಗಿದಳು.

ಹೊರಬಂದಾಗ ಅವನ ಮುಖ ಸ್ವಲ್ಪ ತಿಳಿಯಾಗಿತ್ತು. ಆಗುವುದು ಆಗಲಿ, ಕೊಟ್ಟ ಮಾತಿನಲ್ಲಂತೂ ಒಂದನ್ನೂ ತಪ್ಪಲಿಲ್ಲ ಎನ್ನುವ ಸಮಾಧಾನ ಅದು.

ಸಂಜೆ ಬಾಗಿಲು ಮುಚ್ಚಿ ಎಣಿಕೆ ಶುರುವಾಯಿತು. ಊರೆಲ್ಲ ಸಭಾಭವನದೊಳಗೆ ಸೇರಿತ್ತು. ಒರಿನ್ ಹಿಂದಿನ ಬೆಂಚಿನಲ್ಲಿ ಗ್ಲೆನಿಸಳ ಕೈ ಹಿಡಿದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಕೂತಿದ್ದ. ಮನೆ ಬಿಟ್ಟರೆ ಎಲ್ಲಿಗೆ ಹೋಗುವುದು, ಗ್ಲೆನಿಸಳ ಹೊಲಿಗೆ ಯಂತ್ರವನ್ನು ಎಲ್ಲಿಡುವುದು ಎಂಬಲ್ಲಿಗೆ ಅವನ ಯೋಚನೆ ಮುಟ್ಟಿತ್ತು.

ಆಲ್ಬರ್ಟಾ ಎದ್ದು ನಿಂತಳು. "ಮೊದಲ ಆಯ್ಕೆಯ ಎಣಿಕೆ. ಬರ್ಲಿ ಕ್ರಾಕೆಟ್, ನೂರಾ ಹದಿನೇಳು."

ಒರಿನ್ ತಲೆ ಎತ್ತಿದ.

"ವರ್ನಾ ಹ್ಯಾಚ್, ನೂರಾ ಹದಿನೇಳು."

ಗ್ಲೆನಿಸ್ ನಿಧಾನವಾಗಿ ತನ್ನ ಕೈ ಬಿಡಿಸಿಕೊಂಡಳು.

"ಒರಿನ್ ಸ್ಟಿನ್ಸನ್, ಒಂದು."

ಒಂದು! ಇದಕ್ಕಿಂತ ಸುಂದರವಾದ ಸಂಖ್ಯೆಯನ್ನು ಒರಿನ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎದೆಯ ಮೇಲಿನ ದೋಣಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಆಮೇಲೆ ಮೆಲ್ಲಗೆ ಇನ್ನೊಂದು ಲೆಕ್ಕ ತಲೆಗೆ ಹತ್ತಿತು. ಸುತ್ತ ನೋಡಿದ. ರಾಯ್ಸ್ ಸೂರಿನ ತೊಲೆಗಳನ್ನು ಪರೀಕ್ಷಿಸುತ್ತಿದ್ದ. ಮೀನುಗಾರ ತನ್ನ ಬೂಟಿನ ದಾರ ಕಟ್ಟಿದ್ದನ್ನೇ ಮತ್ತೆ ಕಟ್ಟುತ್ತಿದ್ದ. ಬಾಗಿಲಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಅವನ ಹೆಸರು. ಮರೆಯ ಹಿಂದೆ ಯಾರಿಗೂ ಬೇಕಾಗಿರಲಿಲ್ಲ.

"ನೀನೂ ಹಾಕ್ಲಿಲ್ವಾ?" ಎಂದು ಹೆಂಡತಿಯನ್ನು ಕೇಳಿದ.

"ಗೆಲ್ಲಬಾರದು ಅಂತ ಲಾರಿ ಗುದ್ದಿದವರು ನೀವೇ ತಾನೆ?" ಎಂದಳು ಗ್ಲೆನಿಸ್. ಕೋಪ ಬಂದಾಗ, ಇಲ್ಲವೇ ತಾನು ತಪ್ಪು ಮಾಡಿದಾಗ ಮಾತ್ರ ಅವಳು ಗಂಡನಿಗೆ ಬಹುವಚನ ಬಳಸುತ್ತಿದ್ದಳು.

ಆಲ್ಬರ್ಟಾ ಮೇಜು ಕುಟ್ಟಿದಳು. "ಗೆಲ್ಲೋಕೆ ನೂರಾ ಹದಿನೆಂಟು ಬೇಕು. ಯಾರಿಗೂ ಬಂದಿಲ್ಲ. ನಿಯಮದ ಪ್ರಕಾರ ಕೊನೇಲಿರೋ ಒರಿನ್ ಔಟು. ಅವನ ಆ ಒಂದು ಚೀಟೀಲಿ ಎರಡನೇದಾಗಿ ಯಾರ ಹೆಸರಿದ್ಯೋ, ಅವರೇ ರಸ್ತೆ ಉಸ್ತುವಾರಿ."

ಊರಿನ ಅಷ್ಟೂ ಕುತ್ತಿಗೆಗಳು ಹಿಂದಿನ ಬೆಂಚಿನತ್ತ ತಿರುಗಿದವು. ಆ ಒಂದು ಚೀಟಿ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಬರ್ಲಿ ಎದ್ದು ಬಂದು ಒರಿನ್‌ನ ಎಡ ಭುಜದ ಮೇಲೆ ಕೈಯಿಟ್ಟ. "ನಮ್ಮ ಹುಡುಗ." ವರ್ನಾ ಬಂದು ಬಲ ಭುಜದ ಮೇಲೆ ಕೈಯಿಟ್ಟಳು. "ನಮ್ಮ ಅಳಿಯ." ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಕನಿಕರದಿಂದ ನಕ್ಕರು.

ಆಲ್ಬರ್ಟಾ ಚೀಟಿಯನ್ನು ಎತ್ತಿಕೊಂಡಳು. ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ದೀಪಕ್ಕೆ ಹಿಡಿದಳು.

"ಒರಿನ್, ಏನಪ್ಪಾ ಇದು? ಎರಡನೇ ಆಯ್ಕೆ ಅಂತ ಇಬ್ಬರಿಗೂ ಗುರುತು ಹಾಕಿದ್ದೀಯಲ್ಲ!"

"ಇಬ್ಬರಿಗೂ ಮಾತು ಕೊಟ್ಟಿದ್ದೆ ಅಕ್ಕಾ," ಎಂದ ಒರಿನ್. ದನಿ ಬೆಂಚಿನ ಕೆಳಗಿನಿಂದ ಬಂದಂತಿತ್ತು.

ಎರಡೂ ಭುಜಗಳ ಮೇಲಿನ ಕೈಗಳು ಒಟ್ಟಿಗೇ ಮಾಯವಾದವು.

"ಎರಡು ಗುರುತು ಇದ್ರೆ ಲೆಕ್ಕಕ್ಕಿಲ್ಲ," ಎಂದಳು ಆಲ್ಬರ್ಟಾ. "ಈಗಲೂ ಸಮ ಸಮ. ಇನ್ನು ಊರ ನಿಯಮದ ಹಾಗೆ ಚೀಟಿ ಎತ್ತಿಸಬೇಕು." ಎರಡು ತುಂಡು ಕಾಗದದ ಮೇಲೆ ಎರಡು ಹೆಸರು ಬರೆದು ಮಡಚಿದಳು. ರಾಯ್ಸನ ತಲೆಯಿಂದ ಕಿತ್ತಳೆ ಬಣ್ಣದ ಉಣ್ಣೆ ಟೋಪಿ ಕಿತ್ತು ಅದರೊಳಗೆ ಹಾಕಿದಳು. "ಯಾರು ಎತ್ತುತ್ತೀರ? ಯಾರ ಕಡೆಗೂ ಸೇರದವರೇ ಆಗಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಯ್ಸ್ ಕೆಮ್ಮಿದ.

"ಇದರಲ್ಲಿ ಯೋಚನೆ ಮಾಡೋದೇನಿದೆ? ಎಲ್ಲರ ಕಣ್ಣೆದುರಿಗೆ ಇಬ್ಬರಿಗೂ ಸಮನಾಗಿ ಓಟು ಹಾಕಿದವನು ಊರಿನಲ್ಲಿ ಒಬ್ಬನೇ ಇದ್ದಾನಲ್ಲ."

"ಹೌದು ಹೌದು," ಎಂದಿತು ಊರು. ಯಾರದೋ ಕೈಗಳು ಒರಿನ್‌ನನ್ನು ಎಬ್ಬಿಸಿದವು, ಇನ್ಯಾರದೋ ಕೈಗಳು ಮುಂದಕ್ಕೆ ತಳ್ಳಿದವು. ಇಡೀ ದಿನ ಯಾವುದರಿಂದ ತಪ್ಪಿಸಿಕೊಂಡು ಓಡಿದ್ದನೋ ಅದು ಟೋಪಿಯೊಳಗೆ ಎರಡು ಮಡಿಕೆಯಾಗಿ ಕೂತಿತ್ತು. ಒಂದು ಕಡೆಯಿಂದ ಬರ್ಲಿ ಬಗ್ಗಿ ನೋಡುತ್ತಿದ್ದ, ಇನ್ನೊಂದು ಕಡೆಯಿಂದ ಚಿಕ್ಕಮ್ಮ.

ಒರಿನ್ ಕಣ್ಣು ಮುಚ್ಚಿ ಕೈ ಇಳಿಸಿದ. ಬೆರಳಿಗೆ ಒಂದು ಚೀಟಿ ತಾಗಿತು. ಎಳೆದ. ಅದು ಉಣ್ಣೆಯ ಎಳೆಗೆ ಸಿಕ್ಕಿಕೊಂಡಿತ್ತು, ಬರಲಿಲ್ಲ. ಗಾಬರಿಯಾಗಿ ಪಕ್ಕದ್ದನ್ನು ಹಿಡಿದು ಎತ್ತಿ ಕೊಟ್ಟ.

"ವರ್ನಾ ಹ್ಯಾಚ್!" ಎಂದು ಆಲ್ಬರ್ಟಾ ಓದಿದಳು.

ಚಪ್ಪಾಳೆ ಮುಗಿಯುವವರೆಗೂ ಬರ್ಲಿ ಕಾದ. ಆಮೇಲೆ ಟೋಪಿಯೊಳಗಿದ್ದ ಚೀಟಿಯನ್ನು ಉಣ್ಣೆಯಿಂದ ಬಿಡಿಸಿ ತೆಗೆದು ಒರಿನ್‌ಗೆ ತೋರಿಸಿದ.

"ಇದು ನನ್ನದು ತಾನೆ? ಮೊದಲು ನಿನ್ನ ಬೆರಳು ಇದರ ಮೇಲೇ ಇತ್ತು. ನೀನೇ ಹಿಡಿದು ಬಿಟ್ಟುಬಿಟ್ಟೆ. ನಾನು ಕಣ್ಣಾರೆ ನೋಡ್ದೆ. ನಾಳೆ ಬಂದು ನಿನ್ನ ಬ್ರಷ್ಷುಗಳನ್ನ ತಗೊಂಡು ಹೋಗು."

"ತಾಳು ತಾಳು," ಎಂದಳು ಗೆದ್ದ ಚಿಕ್ಕಮ್ಮ. "ಅಂದ್ರೆ ಮೊದಲು ಇವನ ಚೀಟಿಗೇ ಕೈ ಹಾಕಿದ್ಯಾ? ಅದು ಬರ್ಲಿಲ್ಲ ಅಂತ ನನ್ನದಾ? ಇಷ್ಟು ವರ್ಷ ನನ್ನ ತಲೆ ಮೇಲೆ ಇಟ್ಕೊಂಡಿದ್ದಕ್ಕೆ ಇದೇನಾ? ಮಹಡಿಗೆ ಬೇರೆ ಯಾರಾದ್ರೂ ಸಿಗ್ತಾರಾ ನೋಡ್ಬೇಕು."

"ಎಂಥವನನ್ನ ಸಾಕಿದ್ದೀರಿ ನೋಡಿ," ಎಂದ ಬರ್ಲಿ.

"ನೀವೂ ಸಾಕಿದ್ರಲ್ಲ," ಎಂದಳು ವರ್ನಾ.

ಚಳಿಗಾಲ ಶುರುವಾದಾಗಿನಿಂದ ಮುಖ ಕೊಟ್ಟು ಮಾತಾಡದ ಆ ಇಬ್ಬರು ಒಟ್ಟಿಗೆ ಬಾಗಿಲಿನತ್ತ ನಡೆದರು. ಮೆಟ್ಟಿಲು ಜಾರುತ್ತದೆಂದು ಬರ್ಲಿ ತೋಳು ಕೊಟ್ಟ, ವರ್ನಾ ಹಿಡಿದುಕೊಂಡಳು. ಊರು ಸಂತೋಷದಿಂದ ಅವರ ಹಿಂದೆಯೇ ಹೋಯಿತು.

ಗ್ಲೆನಿಸ್ ಗಂಡನ ಕೋಟು ತಂದು ಹೊದಿಸಿ, ಗುಂಡಿ ಹಾಕಿದಳು. ಕಾರಿನವರೆಗೂ ಕೈ ಹಿಡಿದು ನಡೆಸಿಕೊಂಡು ಹೋದಳು. ಒಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ, ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನತ್ತ ಬಗ್ಗಿದಳು.

"ನನ್ ಹತ್ರ ಆದ್ರೂ ನಿಜ ಹೇಳು. ಯಾರ ಚೀಟಿ ಎತ್ತಬೇಕು ಅಂತಿದ್ದೆ?"